ಸಸ್ಪೆನ್ಷನ್ ಕೆಲಸದ ನಂತರ ಸ್ಟೀರಿಂಗ್ ನಡುಗುತ್ತಿದೆಯೇ? ಅಲೈನ್‌ಮೆಂಟ್‌ಗೆ ಓಡುವ ಮುನ್ನ ಇಷ್ಟು ನೋಡಿ

ಶಾಕ್ ಅಬ್ಸಾರ್ಬರ್, ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ಲೋವರ್ ಆರ್ಮ್, ಅದರ ಕೀಲಿನ ರಬ್ಬರ್ ಬುಷ್ ಎಲ್ಲ ಹೊಸದಾಗಿ ಹಾಕಿಸಿಕೊಂಡು ಗ್ಯಾರೇಜಿನಿಂದ ಹೊರಬಂದ ಕಾರು ಮೊದಲಿಗಿಂತ ಚೆನ್ನಾಗಿ ಓಡಬೇಕು. ಹಾಗಾಗದೆ, ವೇಗ 80 ದಾಟುತ್ತಿದ್ದಂತೆ ಸ್ಟೀರಿಂಗ್ ಅದುರತೊಡಗಿದರೆ, ಅಥವಾ ನೇರ ರಸ್ತೆಯಲ್ಲೂ ಕಾರು ಒಂದು ಬದಿಗೆ ಜಗ್ಗಿದರೆ, ಹೆಚ್ಚಿನವರು ಸೀದಾ ಟೈರ್ ಅಂಗಡಿಗೆ ಹೋಗಿ ಅಲೈನ್‌ಮೆಂಟ್ (ಚಕ್ರಗಳ ಕೋನ ಹೊಂದಿಸುವುದು) ಮಾಡಿಕೊಡಿ ಎನ್ನುತ್ತಾರೆ. ಅಂಗಡಿಯವರು ಮಾಡಿಕೊಡುತ್ತಾರೆ. ನಡುಕ ಮಾತ್ರ ಹಾಗೆಯೇ ಉಳಿಯುತ್ತದೆ. ಮತ್ತೆ ಬ್ಯಾಲೆನ್ಸಿಂಗ್ (ಚಕ್ರದ ತೂಕ ಸುತ್ತಲೂ ಸಮ ಮಾಡುವುದು), ಮತ್ತೆ ಅಲೈನ್‌ಮೆಂಟ್, ಕೊನೆಗೆ ಹೊಸ ಟೈರ್ ಹಾಕಿಸುವ ಸಲಹೆ. ಇಷ್ಟು ಹಣ ಹೋಗುವುದು ತಪಾಸಣೆಯ ಕ್ರಮ ತಲೆಕೆಳಗಾದದ್ದರಿಂದ.

ಮೊದಲು ತಿಳಿಯಬೇಕಾದದ್ದು ಇದು: ನಡುಕ ಬೇರೆ, ಎಳೆತ ಬೇರೆ. ಅಲೈನ್‌ಮೆಂಟ್ ತಪ್ಪಿದರೆ ಕಾರು ಎಳೆಯುತ್ತದೆ, ಸ್ಟೀರಿಂಗ್ ಓರೆಯಾಗಿ ನಿಲ್ಲುತ್ತದೆ, ಟೈರ್ ಒಂದು ಅಂಚಿನಲ್ಲಿ ಬೇಗ ಸವೆಯುತ್ತದೆ. ನಡುಕ ಹುಟ್ಟುವುದು ತಿರುಗುವ ವಸ್ತು ಸಮತೋಲ ಕಳೆದುಕೊಂಡಾಗ, ಸೊಟ್ಟಗಾದಾಗ, ಅಥವಾ ಬಿಗಿಯಾಗಿ ಇರಬೇಕಾದ ಜೋಡಣೆ ಸಡಿಲವಾದಾಗ. ತಿಂಗಳುಗಟ್ಟಲೆ ಕಡೆಗಣಿಸಿದ ಅಲೈನ್‌ಮೆಂಟ್ ಟೈರನ್ನು ಏರಿಳಿತವಾಗಿ ಸವೆಸಿ, ಆ ಟೈರಿನಿಂದ ನಡುಕ ಬರುವುದುಂಟು. ಆದರೆ ನಿನ್ನೆ ಕೆಲಸ ಮುಗಿಸಿ ಇಂದು ನಡುಗುವ ಕಾರಿಗೆ ಆ ಕಾರಣ ಹೊಂದುವುದಿಲ್ಲ.

ಇಲ್ಲಿ ಹೇಳುವುದೆಲ್ಲ ಸ್ವಿಫ್ಟ್, ಐ20, ಟಿಯಾಗೊದಂತಹ ಕಾರುಗಳಿಗೆ ಅನ್ವಯಿಸುತ್ತದೆ. ಅಂದರೆ ಮುಂದಿನ ಚಕ್ರಗಳಿಗೆ ಎಂಜಿನ್ ಬಲ, ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಶಾಕ್ ಅಬ್ಸಾರ್ಬರ್ ಮತ್ತು ಸ್ಪ್ರಿಂಗ್ ಒಟ್ಟಿಗೆ ಇರುವ ಕಂಬ), ಹಿಂದೆ ಟಾರ್ಷನ್ ಬೀಮ್ (ಹಿಂದಿನ ಎರಡು ಚಕ್ರಗಳನ್ನು ಸೇರಿಸುವ, ತಿರುಚಬಲ್ಲ ತೊಲೆ). ನಮ್ಮ ರಸ್ತೆಗಳಲ್ಲಿರುವ ಸಣ್ಣ ಕಾರುಗಳಲ್ಲಿ ಬಹುಪಾಲು ಇದೇ ಬಗೆಯವು.

ನಡುಕ ಯಾವಾಗ ಬರುತ್ತದೆ, ಎಲ್ಲಿ ತಿಳಿಯುತ್ತದೆ

ಬೆಳಗಿನ ಹೊತ್ತು, ವಾಹನ ಕಡಿಮೆ ಇರುವ ನುಣುಪಾದ ಹೆದ್ದಾರಿ ಆರಿಸಿಕೊಳ್ಳಿ. ಪಕ್ಕದಲ್ಲಿ ಒಬ್ಬರು ಕುಳಿತು ಬರೆದುಕೊಳ್ಳಲಿ. ಹೊರಡುವ ಮೊದಲು ನಾಲ್ಕೂ ಟೈರುಗಳ ಗಾಳಿಯನ್ನು ಚಾಲಕನ ಬಾಗಿಲ ಬಳಿಯ ಸ್ಟಿಕ್ಕರಿನಲ್ಲಿರುವ ಅಳತೆಗೆ ತನ್ನಿ. ವೀಲ್ ನಟ್‌ಗಳನ್ನು ಸ್ಪ್ಯಾನರ್ ಹಾಕಿ ನೋಡಿ. ಟೈರಿನ ಪಕ್ಕದಲ್ಲಿ ಎಲ್ಲಾದರೂ ಊದಿಕೊಂಡಿದ್ದರೆ ಪರೀಕ್ಷೆಗೆ ಹೊರಡಲೇಬೇಡಿ. ಆ ಟೈರ್ ಯಾವ ಕ್ಷಣದಲ್ಲಾದರೂ ಒಡೆಯಬಹುದು.

ನಡುಕ 80ರಿಂದ 110ರ ನಡುವೆ ಕಾಣಿಸಿಕೊಂಡು, ಅದಕ್ಕಿಂತ ಕಡಿಮೆ ವೇಗದಲ್ಲಿ ಇಲ್ಲವೇ ಇಲ್ಲ ಎನ್ನುವಂತಿದ್ದರೆ ಮೊದಲ ಅನುಮಾನ ವೀಲ್ ಬ್ಯಾಲೆನ್ಸ್ ಮೇಲೆ. ಸ್ಟೀರಿಂಗ್‌ನಲ್ಲಿ ತಿಳಿದರೆ ಮುಂದಿನ ಚಕ್ರ. ಸೀಟು ಮತ್ತು ನೆಲದಲ್ಲಿ ತಿಳಿದರೆ ಹೆಚ್ಚಾಗಿ ಹಿಂದಿನದು. 185/65 ಆರ್15 ಅಳತೆಯ ಟೈರಿನ ಸುತ್ತಳತೆ ಸುಮಾರು 1.95 ಮೀಟರ್. ಗಂಟೆಗೆ 100 ಕಿ.ಮೀ. ವೇಗದಲ್ಲಿ ಆ ಚಕ್ರ ಸೆಕೆಂಡಿಗೆ 14 ಸುತ್ತು ಹಾಕುತ್ತದೆ. ರಿಮ್ಮಿನ ಅಂಚಿನಲ್ಲಿ ಒಂದೆಡೆ ಕೇವಲ 20 ಗ್ರಾಂ ಹೆಚ್ಚಿದ್ದರೂ ಸುಮಾರು 3 ಕೆ.ಜಿ. ಭಾರದಷ್ಟು ಬಲ ಸೆಕೆಂಡಿಗೆ 14 ಬಾರಿ ಚಕ್ರವನ್ನು ಸುತ್ತಲೂ ಜಗ್ಗುತ್ತದೆ. ವೇಗ ಅರ್ಧವಾದರೆ ಆ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ಊರೊಳಗೆ ಏನೂ ತಿಳಿಯದ ಕಾರು ಹೆದ್ದಾರಿಯಲ್ಲಿ ಕೈ ನಡುಗಿಸುವುದು ಇದರಿಂದ.

ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಚಕ್ರವನ್ನು ಬಿಟ್ಟು ಡಿಸ್ಕ್ ನೋಡಿ. 20ರಿಂದ 40ರ ವೇಗದಲ್ಲೇ ಸ್ಟೀರಿಂಗ್ ಎಡಕ್ಕೂ ಬಲಕ್ಕೂ ತೂಗಾಡಿದರೆ ರಿಮ್ ಸೊಟ್ಟಗಾಗಿದೆ, ಇಲ್ಲವೇ ಟೈರಿನ ಒಳಪದರ ಬಿಟ್ಟಿದೆ. ಆಕ್ಸಿಲರೇಟರ್ ಒತ್ತಿದಾಗ ಮೈ ಅದುರಿ, ಕಾಲು ತೆಗೆದ ಕೂಡಲೇ ನಿಂತರೆ ಎಂಜಿನ್ ಬಲವನ್ನು ಚಕ್ರಕ್ಕೆ ಒಯ್ಯುವ ಡ್ರೈವ್ ಶಾಫ್ಟಿನ ಒಳ ಜಾಯಿಂಟ್. ಮೊದಲ ಹತ್ತು ಹದಿನೈದು ನಿಮಿಷ ನಡುಗಿ ಆಮೇಲೆ ತಾನಾಗಿಯೇ ಹೋದರೆ, ಕಾರು ಗ್ಯಾರೇಜಿನಲ್ಲಿ ವಾರಗಟ್ಟಲೆ ನಿಂತು ಟೈರ್ ಒಂದೆಡೆ ಚಪ್ಪಟೆಯಾಗಿದೆ ಎಂದರ್ಥ. ನಾಲ್ಕು ದಿನ ಓಡಿಸಿ ನೋಡಿ.

ಚಕ್ರ ಹಳೆಯದೇ, ಟೈರ್ ಹಳೆಯದೇ, ಮೊದಲು ಇಲ್ಲದ ನಡುಕ ಈಗೇಕೆ ಎಂಬ ಪ್ರಶ್ನೆ ಸಹಜ. ಕೆಲಸಕ್ಕಾಗಿ ಚಕ್ರಗಳನ್ನು ಬಿಚ್ಚಿದ್ದರಲ್ಲ? ಹಿಂದಿನದನ್ನು ಮುಂದೆ ಹಾಕಿರಬಹುದು. ಬ್ಯಾಲೆನ್ಸಿನ ಸೀಸದ ತುಂಡು ಉದುರಿರಬಹುದು. ಇನ್ನೊಂದು ಕಾರಣವನ್ನು ಅನೇಕ ಮೆಕ್ಯಾನಿಕ್‌ಗಳೂ ಮರೆಯುತ್ತಾರೆ. ಸವೆದು ಮೆತ್ತಗಾಗಿದ್ದ ಹಳೆಯ ಬುಷ್‌ಗಳು ಸಣ್ಣಪುಟ್ಟ ನಡುಕವನ್ನು ನುಂಗಿಕೊಳ್ಳುತ್ತಿದ್ದವು. ಹೊಸ ಗಟ್ಟಿ ಬುಷ್‌ಗಳು ಅದನ್ನು ನೇರವಾಗಿ ಸ್ಟೀರಿಂಗ್‌ಗೆ ಮುಟ್ಟಿಸುತ್ತವೆ. ಆಗ ದೋಷ ಚಕ್ರದಲ್ಲಿ ಮೊದಲಿನಿಂದಲೂ ಇತ್ತು. ಬುಷ್ ಬದಲಾದ ಮೇಲೆ ನಮಗೆ ತಿಳಿಯಿತು.

ಚಕ್ರ ಬಿಚ್ಚಿ ನೋಡುವುದು

ಸಮತಟ್ಟು ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕ್ ಎತ್ತಿದ ಮೇಲೆ ಸ್ಟ್ಯಾಂಡ್ ಇಡಿ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಕೈಯನ್ನೂ ಹಾಕಬೇಡಿ.

ಚಕ್ರ ತೆಗೆದು ಅದರ ಒಳಮೈ ನೋಡಿ. ಮಳೆಗಾಲದಲ್ಲಿ ಮಲೆನಾಡಿನ ಮಣ್ಣುದಾರಿಯಲ್ಲಿ ಓಡಾಡಿದ ಕಾರಿನ ರಿಮ್ಮಿನ ಒಳಗೆ ಕೆಮ್ಮಣ್ಣು ಅಂಗೈಯಗಲ ಅಂಟಿ ಒಣಗಿರುತ್ತದೆ. ಅಷ್ಟೇ ಸಾಕು, ಬ್ಯಾಲೆನ್ಸ್ ಕೆಡಲು. ಕೆರೆದು ತೊಳೆಯಿರಿ. ನಂತರ ಹಬ್ (ಚಕ್ರವನ್ನು ಕೂರಿಸುವ ನಡುಭಾಗ) ಮತ್ತು ರಿಮ್ ಒಂದಕ್ಕೊಂದು ತಾಗುವ ಮೇಲ್ಮೈಗಳನ್ನು ಬೆರಳಿನಿಂದ ಸವರಿ. ಅಲ್ಲಿ ಕೂತ ಒಂದು ತುಕ್ಕಿನ ಚಕ್ಕೆ ಚಕ್ರವನ್ನು ಓರೆಯಾಗಿ ಕೂರಿಸುತ್ತದೆ. ಡಿಸ್ಕ್ ಬಿಚ್ಚಿ ಹಾಕಿದ್ದರೆ ಅದರ ಹಿಂದೆಯೂ ಹೀಗೆಯೇ ನೋಡಬೇಕು. ಡಿಸ್ಕಿನ ಓಲಾಟಕ್ಕೆ ಹೆಚ್ಚಿನ ಕಾರುಗಳಲ್ಲಿ ಇರುವ ಮಿತಿ 0.05ರಿಂದ 0.10 ಮಿಲಿಮೀಟರ್ ಮಾತ್ರ. ಕಣ್ಣಿಗೆ ಕಾಣದ ತುಕ್ಕು ಕೂಡ ಆ ಮಿತಿಯನ್ನು ದಾಟಿಸುತ್ತದೆ. ತಂತಿ ಬ್ರಷ್ಷಿನಲ್ಲಿ ಲೋಹ ಹೊಳೆಯುವಷ್ಟು ಉಜ್ಜಿ.

ಚಕ್ರ ಮರಳಿ ಹಾಕುವಾಗ ನಟ್‌ಗಳನ್ನು ಮೊದಲು ಕೈಯಿಂದಲೇ ತಿರುಗಿಸಿ ಕೂರಿಸಿ. ಆಮೇಲೆ ಎದುರುಬದುರಾಗಿ ಎರಡು ಸುತ್ತಿನಲ್ಲಿ ಬಿಗಿ ಮಾಡಿ. ಕೊನೆಯ ಬಿಗಿ ಟಾರ್ಕ್ ರೆಂಚಿನಲ್ಲಿ ಆಗಲಿ. ಸಣ್ಣ ಕಾರುಗಳಿಗೆ ಇದು ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್ ಆಸುಪಾಸಿನಲ್ಲಿರುತ್ತದೆ. ನಿಮ್ಮ ಕಾರಿನ ಅಳತೆ ಕೈಪಿಡಿಯಲ್ಲಿದೆ. ಗಾಳಿಯ ಗನ್ನಿನಿಂದ ಒಂದೊಂದಾಗಿ ಬಿಗಿದರೆ ಚಕ್ರ ಒಂದು ಬದಿಗೆ ಓರೆಯಾಗುತ್ತದೆ, ಡಿಸ್ಕ್ ಕೂಡ ಬಾಗಬಹುದು. ನನ್ನ ಅಭಿಪ್ರಾಯದಲ್ಲಿ ಕಾರು ಇಟ್ಟುಕೊಂಡವರು ಕೊಳ್ಳಬೇಕಾದ ಮೊದಲ ಸಲಕರಣೆ ಟಾರ್ಕ್ ರೆಂಚ್. ಕಂಪನಿಯದ್ದಲ್ಲದ ಅಲಾಯ್ ರಿಮ್ ಇದ್ದರೆ ನಡುವಿನ ರಂಧ್ರ ಹಬ್ಬಿಗಿಂತ ದೊಡ್ಡದಿರಬಹುದು. ಹಾಗಿದ್ದರೆ ನಡುವೆ ಹಾಕುವ ಉಂಗುರ ಇನ್ನೂ ಇದೆಯೇ, ಗ್ಯಾರೇಜಿನಲ್ಲೇ ಉಳಿಯಿತೇ ನೋಡಿ.

ಇಷ್ಟಾದ ಮೇಲೂ ನಡುಕ ಉಳಿದರೆ ಹಣ ಖರ್ಚಿಲ್ಲದ ಒಂದು ಪರೀಕ್ಷೆಯಿದೆ. ಮುಂದಿನ ಎರಡು ಚಕ್ರಗಳನ್ನು ಹಿಂದಕ್ಕೆ, ಹಿಂದಿನವನ್ನು ಅದೇ ಬದಿಯಲ್ಲಿ ಮುಂದಕ್ಕೆ ಹಾಕಿ ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಓಡಿಸಿ. ಸ್ಟೀರಿಂಗ್ ಶಾಂತವಾಗಿ ಸೀಟು ಅದುರಿದರೆ ದೋಷ ಚಕ್ರದಲ್ಲೇ ಇದೆ. ನಿಶ್ಚಿಂತೆಯಿಂದ ಬ್ಯಾಲೆನ್ಸಿಂಗ್‌ಗೆ ಹೋಗಿ. ಅಲ್ಲಿ ಚಕ್ರ ಯಂತ್ರದ ಮೇಲೆ ತಿರುಗುವಾಗ ರಿಮ್ಮಿನ ಅಂಚು ಓಲಾಡುತ್ತದೆಯೇ ಎಂದು ನೀವೇ ನಿಂತು ನೋಡಿ, ಸೊಟ್ಟ ರಿಮ್ಮಿಗೆ ತೂಕ ಅಂಟಿಸಿ ಪ್ರಯೋಜನವಿಲ್ಲ. ಚಕ್ರ ಬದಲಾದರೂ ಸ್ಟೀರಿಂಗ್ ಮೊದಲಿನಂತೆಯೇ ನಡುಗಿದರೆ ದೋಷ ಹಬ್, ಡಿಸ್ಕ್, ಶಾಫ್ಟ್ ಅಥವಾ ಈಗಷ್ಟೇ ಮಾಡಿದ ಕೆಲಸದಲ್ಲಿದೆ.

ಸಡಿಲ ಎಲ್ಲಿದೆ

ಮುಂದಿನ ಚಕ್ರ ನೆಲ ಬಿಟ್ಟಿರುವಾಗ ಅದರ ಮೇಲ್ತುದಿ ಮತ್ತು ಕೆಳತುದಿ ಹಿಡಿದು ಒಳಕ್ಕೂ ಹೊರಕ್ಕೂ ಅಲುಗಾಡಿಸಿ. ಕಟಕಟ ಎಂದರೆ ವೀಲ್ ಬೇರಿಂಗ್ ಅಥವಾ ಬಾಲ್ ಜಾಯಿಂಟ್ (ಲೋವರ್ ಆರ್ಮ್ ಚಕ್ರದ ಕಡೆ ಸೇರುವ ಗುಂಡು ಕೀಲು). ಎರಡರಲ್ಲಿ ಯಾವುದು ಎಂದು ತಿಳಿಯಲು ಒಳಗೆ ಕುಳಿತವರಿಗೆ ಬ್ರೇಕ್ ಒತ್ತಿಹಿಡಿಯಲು ಹೇಳಿ. ಅಲುಗಾಟ ನಿಂತರೆ ಬೇರಿಂಗ್, ಮುಂದುವರಿದರೆ ಬಾಲ್ ಜಾಯಿಂಟ್ ಅಥವಾ ಸ್ಟ್ರಟ್ಟಿನ ಬೋಲ್ಟು. ಈಗ ಎಡ ಬಲ ತುದಿ ಹಿಡಿದು ಹಾಗೆಯೇ ಮಾಡಿ. ಇಲ್ಲಿ ಅಲುಗಿದರೆ ಸ್ಟೀರಿಂಗ್ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಟೈ ರಾಡ್. ಹೊರಗಿನ ತುದಿಯ ಮೇಲೆ ಬೆರಳಿಟ್ಟು ಇನ್ನೊಬ್ಬರಿಂದ ಅಲುಗಾಡಿಸಿದರೆ ಆಟ ಬೆರಳಿಗೇ ತಿಳಿಯುತ್ತದೆ. ಅಲ್ಲಿ ತಿಳಿಯದಿದ್ದರೆ ರಬ್ಬರ್ ಗವಸಿನೊಳಗಿರುವ ಒಳ ತುದಿ.

ಜೋಡಣೆಯಲ್ಲಿ ಆಗುವ ತಪ್ಪುಗಳು

ಹೊಸ ಬಿಡಿಭಾಗ ಒಳ್ಳೆಯದೇ ಇರಬಹುದು, ಆದರೆ ಕೂರಿಸಿದ ರೀತಿ ತಪ್ಪಿದ್ದರೆ ಫಲವಿಲ್ಲ. ಗ್ಯಾರೇಜಿಗೆ ಮರಳಿ ಹೋದಾಗ "ನಡುಗುತ್ತಿದೆ" ಎಂದಷ್ಟೇ ಹೇಳದೆ ಈ ಜಾಗಗಳನ್ನು ಹೆಸರಿಸಿ ತೋರಿಸಿ ಎಂದು ಕೇಳಿ.

ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಲೋವರ್ ಆರ್ಮಿನ ಬುಷ್. ಅದರ ರಬ್ಬರು ಒಳಗಿನ ಉಕ್ಕಿನ ಕೊಳವೆಗೆ ಅಂಟಿಕೊಂಡೇ ಇರುತ್ತದೆ. ಆರ್ಮ್ ಮೇಲೆ ಕೆಳಗೆ ಆಡುವಾಗ ಬುಷ್ ತಿರುಗುವುದಿಲ್ಲ, ರಬ್ಬರು ತಿರುಚಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತದೆ. ಕಾರು ಲಿಫ್ಟಿನಲ್ಲಿದ್ದು ಚಕ್ರಗಳು ಕೆಳಕ್ಕೆ ನೇತಾಡುತ್ತಿರುವಾಗ ಬೋಲ್ಟನ್ನು ಪೂರ್ತಿ ಬಿಗಿದರೆ, ಕಾರು ನೆಲಕ್ಕಿಳಿದ ಕ್ಷಣದಿಂದ ರಬ್ಬರು ಸದಾ ತಿರುಚಿಕೊಂಡೇ ಇರುತ್ತದೆ. ಒಂದು ಬದಿ ತುಸು ಎತ್ತರ ನಿಲ್ಲುತ್ತದೆ, ಕಾರು ಎಳೆಯುತ್ತದೆ, ಕೆಲವೇ ತಿಂಗಳಲ್ಲಿ ಹೊಸ ಬುಷ್ ಹರಿಯುತ್ತದೆ. ಆಗ ಬಿಡಿಭಾಗವೇ ಕಳಪೆ ಎಂದು ಬೈಯುತ್ತೇವೆ. ಸರಿಯಾದ ಕ್ರಮ ಎಂದರೆ ಬೋಲ್ಟನ್ನು ಸಡಿಲವಾಗಿ ಹಾಕಿ, ಕಾರನ್ನು ಅದರ ಚಕ್ರಗಳ ಮೇಲೆಯೇ ಗ್ಯಾರೇಜಿನ ತಪಾಸಣೆ ಗುಂಡಿ ಅಥವಾ ರ‍್ಯಾಂಪಿನ ಮೇಲೆ ನಿಲ್ಲಿಸಿ, ಮುಂಭಾಗವನ್ನು ಎರಡು ಮೂರು ಬಾರಿ ಒತ್ತಿಬಿಟ್ಟು, ಆಮೇಲೆ ಕೊನೆಯ ಬಿಗಿ ಕೊಡುವುದು. ಈಗಾಗಲೇ ತಪ್ಪಾಗಿ ಬಿಗಿದಿದ್ದರೂ ಬೇಗ ಸಡಿಲಿಸಿ ಮರುಬಿಗಿದರೆ ಬುಷ್ ಉಳಿಯುತ್ತದೆ.

ಸ್ಟ್ರಟ್ ಮತ್ತು ಚಕ್ರದ ನಕಲ್ (ಹಬ್ಬನ್ನು ಹೊರುವ ಲೋಹದ ಭಾಗ) ಸೇರುವಲ್ಲಿ ಎರಡು ದಪ್ಪ ಬೋಲ್ಟುಗಳಿವೆ. ರಂಧ್ರ ಬೋಲ್ಟಿಗಿಂತ ಕೂದಲೆಳೆಯಷ್ಟು ದೊಡ್ಡದು. ಬಿಗಿಯುವಾಗ ಚಕ್ರದ ತಲೆ ಒಳಗೆ ವಾಲಿತ್ತೋ ಹೊರಗೋ ಎಂಬುದರ ಮೇಲೆ ಕ್ಯಾಂಬರ್, ಅಂದರೆ ಆ ವಾಲಿಕೆಯ ಕೋನ, ನಿಂತಿದೆ. ಎಡಕ್ಕೊಂದು ಬಲಕ್ಕೊಂದು ಆದರೆ ಕಾರು ಎಳೆಯುತ್ತದೆ, ಕ್ಯಾಂಬರ್ ಬದಲಾದ ಹಿಂದೆಯೇ ಟೋ (ಮೇಲಿನಿಂದ ನೋಡಿದಾಗ ಚಕ್ರದ ಮುಂಬದಿ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಕೂಡ ಬದಲಾಗುತ್ತದೆ. ಸ್ಟ್ರಟ್ ಬಿಚ್ಚಿದ ಮೇಲೆ ಅಲೈನ್‌ಮೆಂಟ್ ಬೇಕೇ ಬೇಕು ಎನ್ನುವುದು ಇದಕ್ಕೆ.

ಸ್ಟ್ರಟ್ಟಿನ ತಲೆಯಲ್ಲಿರುವ ಮೌಂಟಿನ ಬೇರಿಂಗ್ ಹಳೆಯದನ್ನೇ ಹಾಕಿದ್ದರೆ ಅಥವಾ ಅಡಿಮೇಲಾಗಿ ಕೂರಿಸಿದ್ದರೆ ತಿರುವಿನ ನಂತರ ಸ್ಟೀರಿಂಗ್ ತಾನಾಗಿ ನಡುವಿಗೆ ಮರಳುವುದಿಲ್ಲ. ಎಡಕ್ಕೆ ತಿರುಗಿ ಬಂದರೆ ಎಡಕ್ಕೆ, ಬಲಕ್ಕೆ ತಿರುಗಿ ಬಂದರೆ ಬಲಕ್ಕೆ ಎಳೆಯುತ್ತದೆ. ನಿಂತ ಕಾರಿನ ಸ್ಟೀರಿಂಗ್ ತಿರುಗಿಸುವಾಗ ಬಾನೆಟ್ ತೆರೆದು ಸ್ಟ್ರಟ್ ತಲೆಯ ಬಳಿ ಕಿವಿಗೊಡಿ. ಸ್ಪ್ರಿಂಗ್ ಕೆಳತುದಿ ತನ್ನ ಮೆಟ್ಟಿಲಿನಲ್ಲಿ ಕೂರದಿದ್ದರೆ ಟಂಗ್ ಎಂಬ ಸದ್ದು ಅಲ್ಲಿಂದ ಬರುತ್ತದೆ.

ಬಾಲ್ ಜಾಯಿಂಟಿನ ವಿಷಯ ಪ್ರಾಣಕ್ಕೆ ಸಂಬಂಧಿಸಿದ್ದು. ಅದರ ಕಡ್ಡಿಯಲ್ಲಿ ಒಂದು ಕಚ್ಚು ಇದೆ. ನಕಲ್ಲಿನ ಅಡ್ಡ ಬೋಲ್ಟು ಆ ಕಚ್ಚಿನ ಮೂಲಕವೇ ಹಾಯಬೇಕು. ಕಡ್ಡಿ ಪೂರ್ತಿ ಒಳಗೆ ಹೋಗದೆ ಬೋಲ್ಟು ಬಿಗಿದಿದ್ದರೆ ಗುಂಡಿಯೊಂದಕ್ಕೆ ಇಳಿದ ಕ್ಷಣದಲ್ಲಿ ಅದು ಕಳಚಬಹುದು. ಇದನ್ನು ಕಣ್ಣಾರೆ ನೋಡದೆ ಘಟ್ಟದ ರಸ್ತೆಗೆ ಹೊರಡಬೇಡಿ.

ಲೋವರ್ ಆರ್ಮ್ ಬಿಚ್ಚಿದಾಗ ನಕಲ್ಲನ್ನು ಹೊರಕ್ಕೆ ಜೋರಾಗಿ ಎಳೆದಿದ್ದರೆ ಡ್ರೈವ್ ಶಾಫ್ಟಿನ ಒಳ ಜಾಯಿಂಟ್ ತನ್ನ ಜಾಗ ಬಿಟ್ಟಿರುವ ಸಾಧ್ಯತೆಯಿದೆ. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ನಡುಗುವ ಕಾರಿನಲ್ಲಿ ಇದನ್ನೂ, ಅದರ ರಬ್ಬರ್ ಬೂಟಿನಿಂದ ಗ್ರೀಸ್ ಸೋರುತ್ತಿದೆಯೇ ಎಂಬುದನ್ನೂ ನೋಡಬೇಕು. ಸಬ್‌ಫ್ರೇಮ್ (ಲೋವರ್ ಆರ್ಮುಗಳನ್ನು ಹೊರುವ ಚೌಕಟ್ಟು) ಇಳಿಸಿ ಕೆಲಸ ಮಾಡಿದ್ದರೆ ಅದು ಕೆಲವು ಮಿಲಿಮೀಟರ್ ಪಕ್ಕಕ್ಕೆ ಸರಿದು ಕೂತಿರಬಹುದು. ಸ್ಟೀರಿಂಗ್ ಪೂರ್ತಿ ತಿರುಗಿಸಿ ಬ್ರೇಕ್ ಹೋಸ್ ಎಲ್ಲೂ ಜಗ್ಗುತ್ತಿಲ್ಲ, ತಿರುಚಿಕೊಂಡಿಲ್ಲ ಎಂಬುದನ್ನೂ ಒಮ್ಮೆ ಖಚಿತಪಡಿಸಿಕೊಳ್ಳಿ.

ಮನೆಯಲ್ಲೇ ಟೋ ಅಳೆಯುವುದು

ಟೈ ರಾಡ್ ತುದಿ ಬದಲಾಯಿಸಿದ ಕಾರನ್ನು ಅಲೈನ್‌ಮೆಂಟ್ ಅಂಗಡಿಯವರೆಗೆ ಓಡಿಸಲು ಟೋ ಸರಿಸುಮಾರಾದರೂ ಹೊಂದಿರಬೇಕು. ಒಟ್ಟು ಟೋ 0.4 ಡಿಗ್ರಿ ತಪ್ಪಿದರೆ ಪ್ರತಿ ಚಕ್ರ ಒಂದು ಕಿಲೋಮೀಟರಿಗೆ ಮೂರೂವರೆ ಮೀಟರ್ ಅಡ್ಡಕ್ಕೆ ಉಜ್ಜಿಕೊಂಡು ಹೋಗುತ್ತದೆ. ಹೊಸ ಟೈರ್ ಎಷ್ಟು ಬೇಗ ಮುಗಿಯುತ್ತದೆ ಎಂದು ಇದರಿಂದಲೇ ಊಹಿಸಬಹುದು.

ಕಾರನ್ನು ಸಮತಟ್ಟು ನೆಲದಲ್ಲಿ ಸ್ವಲ್ಪ ದೂರ ಮುಂದಕ್ಕೆ ತಳ್ಳಿ ನಿಲ್ಲಿಸಿ, ಸ್ಟೀರಿಂಗ್ ನೇರವಿರಲಿ. ಎರಡೂ ಮುಂದಿನ ಟೈರುಗಳ ಮುಂಬದಿಯಲ್ಲಿ, ಹಬ್ಬಿನ ಎತ್ತರಕ್ಕೆ, ಟೈರಿನ ನಡು ಗೆರೆಯ ಮೇಲೆ ಸೀಮೆಸುಣ್ಣದಿಂದ ಸಣ್ಣ ಗುರುತು ಹಾಕಿ. ಇಬ್ಬರು ಟೇಪು ಹಿಡಿದು ಗುರುತಿನಿಂದ ಗುರುತಿಗೆ ಅಳೆಯಿರಿ. ಈಗ ಅದೇ ಗುರುತುಗಳು ಹಿಂಬದಿಯಲ್ಲಿ ಹಬ್ಬಿನ ಎತ್ತರಕ್ಕೆ ಬರುವಂತೆ ಕಾರನ್ನು ಅರ್ಧ ಸುತ್ತು ಮುಂದಕ್ಕೇ ತಳ್ಳಿ. ಹಿಂದಕ್ಕೆ ತಳ್ಳಿದರೆ ಬುಷ್‌ಗಳು ಇನ್ನೊಂದು ಬದಿಗೆ ಒರಗಿ ಅಳತೆ ಕೆಡುತ್ತದೆ. ಮತ್ತೆ ಅಳೆಯಿರಿ. ಮುಂದಿನ ಅಳತೆ ಕಡಿಮೆಯಿದ್ದರೆ ಟೋ ಇನ್, ಹೆಚ್ಚಿದ್ದರೆ ಟೋ ಔಟ್. ಗುರುತು ಅದೇ ಆದ್ದರಿಂದ ಟೈರಿನ ಓಲಾಟ ಲೆಕ್ಕಕ್ಕೆ ಬರುವುದಿಲ್ಲ. ವ್ಯತ್ಯಾಸ ಒಂದೆರಡು ಮಿಲಿಮೀಟರಿನೊಳಗೆ ಬಂದರೆ ಅಂಗಡಿಯವರೆಗೆ ಓಡಿಸಲು ಸಾಕು.

ಅಲೈನ್‌ಮೆಂಟ್ ಅಂಗಡಿಯಲ್ಲಿ

ಎಲ್ಲ ಬಿಗಿಯಾದ ಮೇಲೆ, ನಡುಕ ಹೋದ ಮೇಲೆ ಇಲ್ಲಿಗೆ ಬನ್ನಿ. ಸಡಿಲ ಟೈ ರಾಡ್ ಇಟ್ಟುಕೊಂಡು ಮಾಡಿಸಿದ ಅಲೈನ್‌ಮೆಂಟ್ ಅಂಗಡಿಯ ಬಾಗಿಲು ದಾಟುವುದರೊಳಗೆ ಬದಲಾಗಿರುತ್ತದೆ.

ಕೆಲಸ ಶುರುವಾಗುವ ಮೊದಲು ಯಂತ್ರದಲ್ಲಿ ನಿಮ್ಮ ಕಾರಿನ ಸರಿಯಾದ ಮಾದರಿ ಮತ್ತು ವರ್ಷ ಆರಿಸಿದ್ದಾರೆಯೇ ನೋಡಿ. ಚಕ್ರಕ್ಕೆ ಸೆನ್ಸರ್ ಕಟ್ಟಿದ ಮೇಲೆ ಕಾರನ್ನು ಸ್ವಲ್ಪ ಉರುಳಿಸಿಯೋ ಚಕ್ರ ತಿರುಗಿಸಿಯೋ ರಿಮ್ಮಿನ ಓಲಾಟವನ್ನು ಲೆಕ್ಕದಿಂದ ಕಳೆಯಬೇಕು; ಆತುರದಲ್ಲಿ ಬಿಟ್ಟುಬಿಡುವ ಹಂತ ಇದೇ. ಹೊಂದಿಸುವ ಮುಂಚಿನ ಮತ್ತು ನಂತರದ ಎರಡೂ ಮುದ್ರಿತ ಪ್ರತಿ ಕೊಡಿ ಎಂದು ಮೊದಲೇ ಹೇಳಿ.

ಪ್ರತಿಯಲ್ಲಿ ಡಿಗ್ರಿಯ ಪಕ್ಕ ಬರುವ ಸಣ್ಣ ಅಂಕಿ ಮಿನಿಟ್. 60 ಮಿನಿಟಿಗೆ ಒಂದು ಡಿಗ್ರಿ. ಎಲ್ಲ ಅಂಕಿ ಹಸಿರಾಗಿದೆ, ಅಂದರೆ ಮಿತಿಯೊಳಗಿದೆ, ಎಂಬಲ್ಲಿಗೆ ನಿಲ್ಲಬೇಡಿ. ಎಡದ ಕ್ಯಾಂಬರ್ ಹಸಿರಿನ ಈ ತುದಿಯಲ್ಲಿ, ಬಲದ್ದು ಆ ತುದಿಯಲ್ಲಿ ಇದ್ದರೆ ಎರಡೂ ಹಸಿರಾಗಿಯೇ ಕಾರು ಎಳೆಯುತ್ತದೆ. ಎಡ ಬಲದ ವ್ಯತ್ಯಾಸ 30 ಮಿನಿಟಿನ ಒಳಗಿರಲಿ. ಕಾರು ಹೆಚ್ಚು ಧನ ಕ್ಯಾಂಬರ್ (ಚಕ್ರದ ತಲೆ ಹೊರಗೆ ವಾಲಿರುವುದು) ಇರುವ ಬದಿಗೆ, ಕಡಿಮೆ ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಸ್ಟೀರಿಂಗ್ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಇರುವ ಬದಿಗೆ ಎಳೆಯುತ್ತದೆ. ಕ್ಯಾಸ್ಟರನ್ನು ಈ ಕಾರುಗಳಲ್ಲಿ ಹೊಂದಿಸಲು ಅವಕಾಶವಿಲ್ಲ. ಅದು ಒಂದು ಬದಿಯಲ್ಲಿ ಮಾತ್ರ ತಪ್ಪಿದ್ದರೆ ಆರ್ಮ್ ಬಾಗಿದೆ ಅಥವಾ ಸಬ್‌ಫ್ರೇಮ್ ಸರಿದಿದೆ, ಮತ್ತೆ ಗ್ಯಾರೇಜಿನ ಕೆಲಸವೇ. ಹಿಂದಿನ ಟೋ ಎಡ ಬಲ ಅಸಮವಾಗಿದ್ದರೆ ಹಿಂದಿನ ಬೀಮ್ ಕಾರನ್ನು ಓರೆಯಾಗಿ ತಳ್ಳುತ್ತದೆ, ಮುಂದೆ ಎಷ್ಟೇ ಹೊಂದಿಸಿದರೂ ನೇರಕ್ಕೆ ಸ್ಟೀರಿಂಗ್ ಓರೆಯಾಗಿಯೇ ಇರುತ್ತದೆ.

ಸ್ಟೀರಿಂಗ್ ಓರೆ ನಿಂತರೆ ಕೆಲವರು ಸ್ಟೀರಿಂಗ್ ಚಕ್ರವನ್ನೇ ಕಳಚಿ ನೇರ ಕೂರಿಸಲು ಹೊರಡುತ್ತಾರೆ. ಬೇಡ ಎನ್ನಿ. ಎರಡೂ ಟೈ ರಾಡುಗಳನ್ನು ಸಮವಾಗಿ ತಿರುಗಿಸಿ ಹೊಂದಿಸುವುದೇ ದಾರಿ, ಲಾಕ್ ನಟ್ ಬಿಗಿದದ್ದನ್ನು ನೋಡಿ. ಸ್ಥಿರತೆ ನಿಯಂತ್ರಣ ವ್ಯವಸ್ಥೆ ಇರುವ ಕಾರಿನಲ್ಲಿ ಸ್ಟೀರಿಂಗ್ ಕೋನದ ಸೆನ್ಸರನ್ನು ಸ್ಕ್ಯಾನರಿನಿಂದ ಮತ್ತೆ ಸೊನ್ನೆಗೆ ತರಬೇಕಾಗಬಹುದು.

ಅಂಕಿಗಳೆಲ್ಲ ಸರಿಯಿದ್ದೂ ಎಳೆತ ಉಳಿದರೆ ಮುಂದಿನ ಎರಡು ಚಕ್ರಗಳನ್ನು ಎಡ ಬಲ ಅದಲುಬದಲು ಮಾಡಿ. ಎಳೆತದ ದಿಕ್ಕು ಬದಲಾದರೆ ಟೈರಿನದೇ ದೋಷ. ಬದಲಾಗದಿದ್ದರೆ ಬ್ರೇಕ್ ಹಿಡಿದುಕೊಂಡಿದೆಯೇ ನೋಡಿ: ಬ್ರೇಕ್ ಹೆಚ್ಚು ಬಳಸದೆ ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಎರಡೂ ಚಕ್ರಗಳ ಬಳಿ ಮುಟ್ಟದೆ ಕೈಯೊಡ್ಡಿ. ಒಂದು ಕಡೆ ಕಾವು ಹೊಡೆದರೆ ಆ ಬದಿಯ ಕ್ಯಾಲಿಪರ್ (ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಬಿಡುತ್ತಿಲ್ಲ. ನಮ್ಮ ರಸ್ತೆಗಳು ನೀರು ಹರಿಯಲೆಂದು ಅಂಚಿಗೆ ಇಳಿಜಾರಾಗಿರುತ್ತವೆ. ಎಡಬದಿಯಲ್ಲಿ ಓಡುವ ಕಾರು ಕೈಬಿಟ್ಟರೆ ನಿಧಾನವಾಗಿ ಎಡಕ್ಕೆ ಸರಿಯುವುದು ದೋಷವಲ್ಲ. ಬಲಕ್ಕೆ ಎಳೆದರೆ ಮಾತ್ರ ಸಣ್ಣದಿದ್ದರೂ ಹುಡುಕಲೇಬೇಕು.

ವೀಲ್ ನಟ್‌ಗಳನ್ನು 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಟಾರ್ಕ್ ರೆಂಚಿನಿಂದ ನೋಡಿ. ಹೊಸ ಸ್ಪ್ರಿಂಗ್ ಹಾಕಿಸಿದ್ದರೆ ಅದು ತುಸು ಕುಗ್ಗಿ ಕೂರುತ್ತದೆ. 500ರಿಂದ 1000 ಕಿಲೋಮೀಟರಿನ ನಡುವೆ ಅಲೈನ್‌ಮೆಂಟನ್ನು ಇನ್ನೊಮ್ಮೆ ಅಳೆಸಿ, ಮೊದಲ ಮುದ್ರಿತ ಪ್ರತಿಯನ್ನು ಜೊತೆಗೆ ಒಯ್ಯಿರಿ.